ಬೆನ್ನಿನ ಕುರು ಕೊಯ್ಸಬೇಕಂತೆ, ಆಮೇಲೆ ಗಾಯ ನೋಡಿಕೊಳ್ಳೋದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು, ಹೊಸನಗರ ಕಡೆಯಿಂದ:
ನಮ್ಮ ಯಜಮಾನರಿಗೆ ಬೆನ್ನಿನ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಕುರು ಎದ್ದು 6 ದಿನ ಆಯ್ತು. ಮಾತ್ರೆಗೆ ಇಳಿದಿಲ್ಲ. ಕೊಯ್ದು ಕೀವು ತೆಗೀಬೇಕು ಅಂತ ಡಾಕ್ಟರ್ ಹೇಳುತ್ತಾರೆ. ಪಟ್ಟು ಹಾಕಿದರೆ ತಾನೇ ಹಣ್ಣಾಗಿ ಒಡೆಯುತ್ತೆ ಅಂತ ಅತ್ತೆ ಹೇಳುತ್ತಾರೆ. ಏನು ಮಾಡಲಿ?

ತೀರ್ಥಹಳ್ಳಿಯಿಂದ:
ಅಕ್ಕಾ, ಕೊಯ್ಸಿಬಿಡಿ. ಎರಡು ವರ್ಷದ ಹಿಂದೆ ನಮ್ಮಪ್ಪನಿಗೆ ತೊಡೆಯಲ್ಲಿ ಹೀಗೇ ಆಗಿತ್ತು. ಅಡಿಕೆ ದಬ್ಬೆಯ ಸಿಬಿರು ಹೊಕ್ಕಿದ್ದು ಯಾರಿಗೂ ಗೊತ್ತಾಗಲಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಆಂಟಿಬಯಾಟಿಕ್ ಎರಡು ಸಲ ನುಂಗಿಸಿದೆವು. ನೋವು ಸ್ವಲ್ಪ ತಗ್ಗುತ್ತಿತ್ತು, ಮತ್ತೆ ಏಳುತ್ತಿತ್ತು. ಕೊನೆಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದಾಗ ಸರ್ಜನ್ ಬಿಡಿಸಿ ಹೇಳಿದರು. ಕೀವು ಕಟ್ಟಿದ ಗೂಡಿನೊಳಗೆ ರಕ್ತ ಹರಿಯುವುದಿಲ್ಲ, ಹಾಗಾಗಿ ಮಾತ್ರೆಯ ಔಷಧಿ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಕೀವು ಹೊರಗೆ ಬರಲೇಬೇಕು.

ಅವತ್ತೇ ಶುಗರ್ ನೋಡಿದರು. 280 ಇತ್ತು! ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ ಅಂತ ನಮಗೆ ಗೊತ್ತಾಗಿದ್ದೇ ಆ ಕುರುವಿನಿಂದ. ನಿಮ್ಮ ಯಜಮಾನರದ್ದೂ ತಪ್ಪದೆ ನೋಡಿಸಿ. ಶುಗರ್ ಹತೋಟಿಗೆ ಬರದಿದ್ದರೆ ಗಾಯ ಬೇಗ ಮಾಯುವುದಿಲ್ಲ.

ಮರಗಟ್ಟಿಸುವ ಇಂಜೆಕ್ಷನ್ ಕೀವು ಇರುವ ಕಡೆ ಪೂರ್ತಿ ಹಿಡಿಯುವುದಿಲ್ಲ, ಸ್ವಲ್ಪ ನೋವಾಗುತ್ತೆ. ಆದರೆ ಕೀವು ಹೋದ ತಕ್ಷಣ ಸೆಳೆತ ಇಳಿಯುತ್ತೆ. ಅಪ್ಪ ನಾಲ್ಕು ದಿನದ ಮೇಲೆ ಅವತ್ತು ರಾತ್ರಿ ನಿದ್ದೆ ಮಾಡಿದರು.

ಕೊಯ್ದ ಮೇಲೆ ಹೊಲಿಗೆ ಹಾಕಲಿಲ್ಲ. ನನಗೆ ಗಾಬರಿಯಾಯಿತು, ಇಷ್ಟು ದೊಡ್ಡ ತೂತು ಹಾಗೇ ಬಿಟ್ಟರಲ್ಲ ಅಂತ. ಅದು ಬೇಕಂತಲೇ ಬಿಡುವುದು. ಗಾಯ ತಳದಿಂದ ತುಂಬಿಕೊಂಡು ಮೇಲೆ ಬರಬೇಕು. ಮೇಲಿನ ಚರ್ಮ ಮೊದಲು ಕೂಡಿಕೊಂಡರೆ ಒಳಗೆ ಮತ್ತೆ ಕೀವು ಕಟ್ಟುತ್ತೆ. ಅದಕ್ಕೇ ಗಾಜ್ ಬಟ್ಟೆಯ ಬತ್ತಿ ಇಡುವುದು. ಮೊದಲ ಸಲ ಎಳೆದಾಗ ಒಂದು ಗೇಣಿಗಿಂತ ಉದ್ದ ಬಂತು. ದಿನಾ ಸ್ವಲ್ಪ ಸ್ವಲ್ಪ ಕಡಿಮೆಯಾಗಿ, ಹತ್ತನೇ ದಿನಕ್ಕೆ ಬೆರಳಿನಷ್ಟೂ ಹಿಡಿಯಲಿಲ್ಲ. ಪೂರ್ತಿ ಮಾಯಲು ಮೂರು ವಾರ ಬೇಕಾಯಿತು.

ಒಂದು ಮಾತು ನೆನಪಿಡಿ. ಒಣಗಿದ ಗಾಜ್ ಬಟ್ಟೆಯನ್ನು ಹಾಗೇ ಕಿತ್ತರೆ ಜೀವ ಹೋದಂತಾಗುತ್ತೆ. ಸಲೈನ್ ಹಾಕಿ ಐದು ನಿಮಿಷ ನೆನೆಸಲು ಕೇಳಿ. ನೋವಿನ ಮಾತ್ರೆ ಕೊಟ್ಟಿದ್ದರೆ ಡ್ರೆಸ್ಸಿಂಗ್‌ಗೆ ಅರ್ಧ ಗಂಟೆ ಮೊದಲೇ ನುಂಗಿಸಿ.

ಸಾಗರದಿಂದ, ನರ್ಸ್ ಆಗಿದ್ದೇನೆ:
ನಿಮ್ಮ ಅತ್ತೆಯವರು ಹೇಳುವುದು ಪೂರ್ತಿ ತಪ್ಪಲ್ಲ. ಕುರು ಸಣ್ಣದಿದ್ದಾಗ, ಚರ್ಮ ಒಡೆಯದೆ ಇದ್ದಾಗ, ಬಿಸಿನೀರಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ದಿನಕ್ಕೆ ಮೂರು ನಾಲ್ಕು ಸಲ, ಹತ್ತು ನಿಮಿಷ ಇಟ್ಟರೆ ಎಷ್ಟೋ ಕುರು ತಾನೇ ಇಳಿಯುತ್ತೆ. ಆದರೆ ನಿಂಬೆಹಣ್ಣಿನಷ್ಟಾದ ಮೇಲೆ ಕಾಯಬೇಡಿ. ಮನೆಯಲ್ಲಿ ಹಿಂಡಲೇಬೇಡಿ, ಸೂಜಿ ಚುಚ್ಚಬೇಡಿ. ಒಡೆದ ಗಾಯಕ್ಕೆ ಅರಿಶಿನ, ಬೂದಿ, ಕಾಫಿಪುಡಿ ಹಾಕಿಕೊಂಡು ಬರುವವರನ್ನು ಈಗಲೂ ನೋಡುತ್ತೇನೆ. ತೊಳೆಯುವಾಗ ಅವರು ಪಡುವ ಸಂಕಟ ನೋಡಲಾಗುವುದಿಲ್ಲ.

ಗಾಯದೊಳಗೆ ಕೆಂಪಗೆ, ಕಾಳುಕಾಳಾಗಿ ಮಾಂಸ ಬರುತ್ತಿದ್ದರೆ ಚೆನ್ನಾಗಿ ಮಾಯುತ್ತಿದೆ ಅಂತ ಅರ್ಥ. ಮುಟ್ಟಿದರೆ ಹನಿ ರಕ್ತ ಬರುತ್ತೆ, ನೀರಿನಂತೆ ತೆಳ್ಳಗೆ ಒಸರುತ್ತೆ, ಹೆದರಬೇಡಿ. ಆದರೆ ಚಳಿಜ್ವರ ಬಂದರೆ, ಸುತ್ತಲಿನ ಕೆಂಪು ಹರಡಿದರೆ, ವಾಸನೆ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮುಖ, ಮೊಲೆ, ಗುದದ ಹತ್ತಿರದ ಕುರುವನ್ನಂತೂ ಒಂದು ದಿನವೂ ಮುಂದೂಡಬೇಡಿ. ಧನುರ್ವಾಯು ತಡೆಯುವ ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಅಂತಲೂ ಡಾಕ್ಟರಿಗೆ ಹೇಳಿ.

ಈ ಮಳೆಯಲ್ಲಿ ಬಟ್ಟೆ ಒಣಗಲ್ಲ ಅಲ್ವಾ? ಅರೆಒದ್ದೆ ಬನಿಯನ್ ಹಾಕಿಸಬೇಡಿ. ಹಂಡೆಯ ಬಿಸಿನೀರಲ್ಲಿ ಒಗೆದು, ಒಣಗಿದ ಮೇಲೆ ಇಸ್ತ್ರಿ ಮಾಡಿ. ಟವೆಲ್ ಅವರೊಬ್ಬರಿಗೇ ಬೇರೆ ಇರಲಿ. ಕೀವಿನಲ್ಲಿರುವ ಸ್ಟ್ಯಾಫ್ ಬ್ಯಾಕ್ಟೀರಿಯಾ ಮನೆಯವರಿಗೂ ಅಂಟುತ್ತೆ.

ಕೇಳಿದವರು:
ಇವತ್ತು ಕೊಯ್ಸಿಕೊಂಡು ಬಂದೆವು. ಶುಗರ್ ಸರಿಯಿದೆ. ತುಂಬಾ ಉಪಕಾರ ಆಯ್ತು. ದಿನಾ ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋಗಿ ಬರೋದು ಕಷ್ಟ, ಡ್ರೆಸ್ಸಿಂಗ್‌ಗೆ ಏನು ಮಾಡಲಿ?

ಸಾಗರದಿಂದ:
ನಿಮ್ಮೂರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ಅಲ್ಲೇ ಮಾಡುತ್ತಾರೆ. ಆಪರೇಷನ್ ಚೀಟಿ ತಗೊಂಡು ಹೋಗಿ. ಒಳಗೆ ಎಷ್ಟು ಗಾಜ್ ಇಟ್ಟಿದ್ದಾರೆ ಅಂತ ಡಾಕ್ಟರ ಹತ್ತಿರ ಅದರಲ್ಲೇ ಬರೆಸಿಕೊಳ್ಳಿ. ಒಂದು ತುಂಡು ಉಳಿದರೂ ಗಾಯ ಮಾಯುವುದಿಲ್ಲ.