ಕಲ್ಲಿದ್ದಲಿನ ಮ್ಯಾಸೆರಲ್‌ಗೆ ಏನನ್ನೋಣ? ಮತ್ತೆ, ‘ಗಾಳಿಸು’ ನಡೆಯುತ್ತಾ?

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗಾಗಿ ಕಲ್ಲಿದ್ದಲಿನ ಬಗ್ಗೆ ಬರೆಯುತ್ತಿದ್ದೇನೆ. ಎರಡು ಪದಗಳಿಗೆ ನಿಮ್ಮ ಸಲಹೆ ಬೇಕು.

ಮೊದಲನೆಯದು ಮ್ಯಾಸೆರಲ್. ಬಂಡೆಯಲ್ಲಿ ಖನಿಜಗಳಿದ್ದ ಹಾಗೆ ಕಲ್ಲಿದ್ದಲಿನಲ್ಲಿ ಇವು, ಹಳೆಯ ಸಸ್ಯಗಳ ಅವಶೇಷದಿಂದಾದ ಸಣ್ಣ ಸಣ್ಣ ಭಾಗಗಳು. ಮೇರಿ ಸ್ಟೋಪ್ಸ್ 1935ರಲ್ಲಿ ಕೊಟ್ಟ ಹೆಸರು (ಸಂತಾನ ನಿಯಂತ್ರಣದ ಪ್ರಚಾರಕ್ಕೆ ಹೆಸರಾದವರೇ, ಅವರ ಓದು ಮಾತ್ರ ಸಸ್ಯಗಳ ಪಳೆಯುಳಿಕೆ). ‘ಸಾವಯವ ಘಟಕ’ ಅಂತ ಬರೆದು ನೋಡಿದೆ, ಸರಿ ಕೂರಲಿಲ್ಲ. ಸಾವಯವ ಅಂದ ಕೂಡಲೇ ಈಗ ಎಲ್ಲರಿಗೂ ಬೆಲ್ಲ, ಗೊಬ್ಬರ ನೆನಪಾಗುತ್ತೆ. ಕಲ್ಲಿದ್ದಲಿನ ಸುದ್ದಿಯಲ್ಲಿ ಘಟಕ ಅಂದರೆ ರಾಯಚೂರು ಶಾಖೋತ್ಪನ್ನ ಕೇಂದ್ರದ ಘಟಕವೇ ಅಲ್ವಾ?

ಇವುಗಳಲ್ಲಿ ಮೂರು ಗುಂಪು. ಮರದ ಕಾಂಡ, ಬೇರುಗಳಿಂದ ಬಂದದ್ದು ವಿಟ್ರಿನೈಟ್. ಬೀಜಕಣ, ಪರಾಗ, ಎಲೆಯ ಮೇಣದ ಹೊದಿಕೆ, ಮರದ ರಾಳ ಇವುಗಳಿಂದ ಲಿಪ್ಟಿನೈಟ್. ಮೂರನೆಯದು ಇನರ್ಟಿನೈಟ್, ಅದರಲ್ಲಿ ಹಳೆಯ ಕಾಡ್ಗಿಚ್ಚಿನ ಇದ್ದಿಲೂ ಸೇರುತ್ತೆ. ಕಲ್ಲಿದ್ದಲಿನ ಹೆಂಟೆ ಹಿಡಿದಾಗ ಬೆರಳಿಗೆ ಮಸಿ ಮೆತ್ತುವ ಆ ಪುಡಿಪುಡಿ ಪಟ್ಟೆ ಇದೇ. ಇದಕ್ಕೆ ‘ಜಡ’ ಅಂದರೆ ಉರಿಯುವುದೇ ಇಲ್ಲ ಅನ್ನಿಸಿಬಿಡುತ್ತೆ. ಉರಿಯುತ್ತೆ, ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಯಿಸಿ ಕೋಕ್ (ಕಬ್ಬಿಣದ ಕುಲುಮೆಯ ಇಂಧನ) ಮಾಡುವಾಗ ಮಿಕ್ಕವುಗಳ ಹಾಗೆ ಮೆತ್ತಗಾಗುವುದಿಲ್ಲ, ಅಷ್ಟೆ.

ಎರಡನೆಯದು ಈ ಮೂರನ್ನೂ ಬೇರ್ಪಡಿಸುವ ಕೆಲಸದ ಪದ. ಕಲ್ಲಿದ್ದಲನ್ನು ಕೆಲವೇ ಮೈಕ್ರಾನ್‌ಗಳಷ್ಟು ನುಣ್ಣಗೆ ಪುಡಿ ಮಾಡಿ, ಹೈಡ್ರೋಕ್ಲೋರಿಕ್ ಮತ್ತು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಖನಿಜಗಳನ್ನು ಕರಗಿಸಿ ತೆಗೆದು, ಉಳಿದದ್ದನ್ನು ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಹಾಕಿ ಸೆಂಟ್ರಿಫ್ಯೂಜಿನಲ್ಲಿ ಜೋರಾಗಿ ತಿರುಗಿಸುತ್ತಾರೆ. ದ್ರಾವಣದ ಸಾಂದ್ರತೆ ಮೇಲಿಂದ ಕೆಳಗೆ ಹೆಚ್ಚುತ್ತಾ ಹೋಗುವಂತೆ ಮೊದಲೇ ತುಂಬಿರುತ್ತಾರೆ, ಹಾಗಾಗಿ ಒಂದೊಂದು ಕಣ ತನ್ನ ಸಾಂದ್ರತೆ ಸಿಕ್ಕಿದಲ್ಲಿ ನಿಲ್ಲುತ್ತೆ. ಹಗುರವಾದ ಲಿಪ್ಟಿನೈಟ್ ಮೇಲೆ, ವಿಟ್ರಿನೈಟ್ ನಡುವೆ, ಇನರ್ಟಿನೈಟ್ ಕೆಳಗೆ. ನುಣ್ಣಗೆ ಮಾಡದಿದ್ದರೆ ಒಂದೇ ಕಣದಲ್ಲಿ ಎರಡು ಮೂರು ಅಂಟಿಕೊಂಡಿರುತ್ತವೆ, ಆಗ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ.

ಇದಕ್ಕೆ ‘ಗಾಳಿಸು’ ಅನ್ನಬಹುದಾ? ಅಕ್ಕಿಯಲ್ಲಿ ಕಲ್ಲು ಗಾಳಿಸುವಾಗ ಕೆಲಸ ಮಾಡುವುದೂ ತೂಕದ ವ್ಯತ್ಯಾಸವೇ. ನನಗೇನೋ ಹಿಡಿಸಿದೆ. ಆದರೆ ಕೆಲವು ಕಡೆ ಗಾಳಿಸು ಅಂದರೆ ಸೋಸುವುದು, ಜರಡಿ ಹಿಡಿಯುವುದು ಅಂತಲೂ ಇದೆ. ಜರಡಿಯಲ್ಲಿ ಗಾತ್ರದ ಲೆಕ್ಕ, ಇಲ್ಲಿ ಗಾತ್ರಕ್ಕೆ ಬೆಲೆಯೇ ಇಲ್ಲ. ‘ಜಾಲಿಸು’ ವಾಸಿಯೇ? ನಿಮ್ಮ ಕಡೆ ಅಕ್ಕಿಗೆ ಏನು ಹೇಳುತ್ತೀರಿ, ಊರಿನ ಹೆಸರಿನ ಜೊತೆ ತಿಳಿಸಿ. ಮ್ಯಾಸೆರಲ್ ಅನ್ನು ಸುಮ್ನೆ ಹಾಗೇ ಇಟ್ಟುಕೊಳ್ಳೋಣ ಅನ್ನುವವರಿದ್ದರೆ ಅದನ್ನೂ ಹೇಳಿ.