ಹೊಸ ಬಾಸ್ ದೋಣಿಯನ್ನು ಲೇಕ್ ಫೋರ್ಕ್‌ಗೆ ಇಳಿಸುವ ಮೊದಲು ಏನೇನು ಕಲಿತಿರಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಟೆಕ್ಸಾಸ್‌ನ ಫ್ರಿಸ್ಕೊದಲ್ಲಿದ್ದೇವೆ. ಈಚೆಗೆ 19 ಅಡಿ ಉದ್ದದ, 200 ಕುದುರೆಶಕ್ತಿಯ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವಂಥದ್ದು) ಇರುವ ಫೈಬರ್‌ಗ್ಲಾಸ್ ಬಾಸ್ ದೋಣಿಯನ್ನು, ಅಂದರೆ ಬಾಸ್ ಎಂಬ ಮೀನು ಹಿಡಿಯಲೆಂದೇ ಮಾಡಿದ ದೋಣಿಯನ್ನು, ಕೊಂಡಿದ್ದೇನೆ. ಕುಂದಾಪುರದ ಕಡೆಯವನಾದ್ದರಿಂದ ನೀರಿನ ಭಯವಿಲ್ಲ. ಆದರೆ ಊರಿನ ನಾಡದೋಣಿಗೂ ಇದಕ್ಕೂ ಯಾವ ಹೋಲಿಕೆಯೂ ಇಲ್ಲ. ಲೂಯಿಸ್‌ವಿಲ್ ಸರೋವರದಲ್ಲಿ ಓಡಿಸುವಾಗ ಎರಡು ತೊಂದರೆಗಳು ಕಾಣುತ್ತಿವೆ. ವೇಗ ಹಿಡಿದ ಮೇಲೆ ದೋಣಿಯ ಮೂತಿ ಬಿಟ್ಟೂಬಿಡದೆ ಮೇಲೆ ಕೆಳಗೆ ಕುಣಿಯುತ್ತದೆ. ದೋಣಿ ಕಟ್ಟುವ ಕಟ್ಟೆಯ (ಡಾಕ್) ಹತ್ತಿರ ಬಂದಾಗ ಚುಕ್ಕಾಣಿಯನ್ನು ಎಷ್ಟು ತಿರುಗಿಸಿದರೂ ದೋಣಿ ಗಾಳಿ ತಳ್ಳಿದ ಕಡೆಗೇ ಸರಿಯುತ್ತದೆ. ಹನ್ನೊಂದು ವರ್ಷದ ಮಗಳೊಂದಿಗೆ ಟೆಕ್ಸಾಸ್‌ನದೇ ಆದ ಲೇಕ್ ಫೋರ್ಕ್ ಸರೋವರದಲ್ಲಿ ಗಾಳ ಹಾಕಬೇಕೆಂಬ ಆಸೆಯಿದೆ. ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1

ಮೂತಿ ಕುಣಿಯಲು ಬಹುಮಟ್ಟಿಗೆ ಟ್ರಿಮ್, ಅಂದರೆ ಎಂಜಿನ್ನನ್ನು ಮೇಲೆ ಕೆಳಗೆ ವಾಲಿಸಿಟ್ಟ ಕೋನ, ಕಾರಣ. ಹೊರಡುವಾಗ ಎಂಜಿನ್ ಪೂರ್ತಿ ಕೆಳಗಿರಲಿ. ಥ್ರಾಟಲ್ ಕೊಟ್ಟೊಡನೆ ಮೂತಿ ಮೇಲೆದ್ದು ಮುಂದಿನದೇನೂ ಕಾಣದಂತಾಗುತ್ತದೆ. ಕೆಲವು ಕ್ಷಣಗಳಲ್ಲಿ ಅದು ಇಳಿದು ದೋಣಿ ನೀರಿನ ಮೇಲೆ ಜಾರತೊಡಗುತ್ತದೆ. ಆಮೇಲಷ್ಟೇ ಟ್ರಿಮ್ ಗುಂಡಿಯನ್ನು ತುಸು ತುಸುವೇ ಒತ್ತಿ ಎಂಜಿನ್ನನ್ನು ಮೇಲೆತ್ತಬೇಕು. ಎತ್ತಿದಂತೆಲ್ಲ ವೇಗ ಏರುತ್ತದೆ, ಆದರೆ ಅಳತೆ ಮೀರಿದರೆ ಮೂತಿ ನಿಲ್ಲಲಾರದೆ ನೀವು ಹೇಳಿದ ಕುಣಿತ ಶುರುವಾಗುತ್ತದೆ. ಆಗ ಗಾಬರಿಯಿಂದ ಥ್ರಾಟಲ್ ಬಿಡುವ ಬದಲು ಟ್ರಿಮ್ಮನ್ನು ಸ್ವಲ್ಪ ಇಳಿಸಿ ನೋಡಿ. ಭಾರವನ್ನೂ ಗಮನಿಸಿ: ಹಿಡಿದ ಮೀನನ್ನು ಜೀವಂತವಾಗಿಡುವ, 30 ಗ್ಯಾಲನ್ ಹಿಡಿಯುವ ಲೈವ್‌ವೆಲ್ ತೊಟ್ಟಿ ತುಂಬಿದರೆ ಹಿಂಬದಿಯಲ್ಲಿ ಸುಮಾರು 250 ಪೌಂಡ್ ನೀರು ಕುಳಿತಂತೆ.

ವೇಗ ಇನ್ನೂ ಹೆಚ್ಚಿದಾಗ ದೋಣಿ ತಳದ ನಡುವಿನ ಕಿರಿದಾದ ಪಟ್ಟಿಯೊಂದರ ಮೇಲೆಯೇ ನಿಂತಿರುವುದರಿಂದ ಎಡಕ್ಕೂ ಬಲಕ್ಕೂ ಹೊಯ್ದಾಡಬಹುದು. ಇದಕ್ಕೆ ಇಲ್ಲಿನವರು ಚೈನ್ ವಾಕ್ ಎನ್ನುತ್ತಾರೆ. ಮೂತಿಯ ಕುಣಿತಕ್ಕಿಂತ ಇದು ಅಪಾಯಕಾರಿ. ಥ್ರಾಟಲನ್ನು ನಿಧಾನವಾಗಿ ಇಳಿಸಿ, ಒಮ್ಮೆಲೇ ಬಿಡಬೇಡಿ. ದೋಣಿಗೆ ಬ್ರೇಕ್ ಇಲ್ಲ. ಥಟ್ಟನೆ ವೇಗ ಕಳೆದರೆ ಅದೇ ಎಬ್ಬಿಸಿದ ಅಲೆ ಹಿಂದಿನಿಂದ ಬಂದು ಎಂಜಿನ್ ಬದಿಯಿಂದ ಒಳನುಗ್ಗಬಹುದು. ಎಂಜಿನ್ ಹೊಸದಾಗಿದ್ದರೆ ಕೈಪಿಡಿಯಲ್ಲಿ ಹೇಳಿದ ಆರಂಭದ ಗಂಟೆಗಳವರೆಗೆ ಪೂರ್ತಿ ವೇಗದ ಗೋಜಿಗೇ ಹೋಗಬೇಡಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ, ಆದರೆ ನನ್ನ ಮಟ್ಟಿಗೆ ಕಲಿಕೆಯ ಮುಕ್ಕಾಲು ಪಾಲು ಇರುವುದು ಡಾಕ್‌ನ ಸಮೀಪದಲ್ಲಿಯೇ. ಈ ದೋಣಿಗೆ ಪ್ರತ್ಯೇಕ ಚುಕ್ಕಾಣಿ ಹಲಗೆ ಇಲ್ಲ. ಪ್ರೊಪೆಲರ್ ತಳ್ಳುವ ನೀರೇ ದೋಣಿಯನ್ನು ತಿರುಗಿಸುತ್ತದೆ. ಆದ್ದರಿಂದ ನ್ಯೂಟ್ರಲ್‌ನಲ್ಲಿ ಚಕ್ರ ತಿರುಗಿಸಿ ಹೆಚ್ಚು ಪ್ರಯೋಜನವಿಲ್ಲ. ಮೊದಲು ಚಕ್ರವನ್ನು ಬೇಕಾದ ಕಡೆಗೆ ತಿರುಗಿಸಿ, ಅನಂತರ ಒಂದು ಕ್ಷಣ ಗೇರ್ ಹಾಕಿ, ಮತ್ತೆ ನ್ಯೂಟ್ರಲ್‌ಗೆ ಬನ್ನಿ, ದೋಣಿ ಏನು ಮಾಡಿತೆಂದು ನೋಡಿ. ಕಾರಿನಲ್ಲಿ ಮುಂಭಾಗ ತಿರುಗಿದರೆ ಹಿಂಭಾಗ ಅದನ್ನು ಹಿಂಬಾಲಿಸುತ್ತದೆ; ಇಲ್ಲಿ ಬಲಕ್ಕೆ ತಿರುಗಿಸಿದರೆ ಹಿಂಬದಿ ಎಡಕ್ಕೆ ಬೀಸಿಕೊಂಡು ಹೋಗುತ್ತದೆ. ಸಾಧ್ಯವಿದ್ದರೆ ಗಾಳಿಗೆ ಎದುರಾಗಿಯೇ ಡಾಕ್ ಸೇರಿ, ಗಾಳಿಯೇ ನಿಮ್ಮ ಬ್ರೇಕ್ ಆಗುತ್ತದೆ. ಜನವಿಲ್ಲದ ವಾರದ ದಿನ, ಯಾರೂ ಇಲ್ಲದ ಕೊಲ್ಲಿಯಲ್ಲಿ ದಾರಿ ಗುರುತಿಸಲು ನೀರಿನಲ್ಲಿ ತೇಲಿಬಿಟ್ಟ ಬೋಯ್ (buoy) ಒಂದನ್ನೇ ಡಾಕ್ ಎಂದುಕೊಂಡು ಅಭ್ಯಾಸ ಮಾಡುವುದು ಒಳ್ಳೆಯದು.

ಮುಂಭಾಗದ ಟ್ರೋಲಿಂಗ್ ಮೋಟರ್ (ನಿಧಾನವಾಗಿ ಸಾಗಲು ಬಳಸುವ ಚಿಕ್ಕ ಬ್ಯಾಟರಿ ಮೋಟರ್) ಹಾಕಿಕೊಂಡು ಡಾಕ್ ಸೇರುವ ಅಭ್ಯಾಸ ಮಾತ್ರ ಈಗಲೇ ಬೇಡ. ದಿನವಿಡೀ ಗಾಳ ಹಾಕಿ ಬರುವಾಗ ಅದರ ಬ್ಯಾಟರಿ ಬಸವಳಿದಿರುತ್ತದೆ.

ಉತ್ತರ 3

ಟ್ರೋಲಿಂಗ್ ಮೋಟರ್ ವಿಷಯದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಗಾಳಿಗೆ ಮೊದಲು ಹಾರಿಹೋಗುವುದು ಹಗುರವಾದ ಮೂತಿ. ಅದನ್ನು ಹಿಡಿದಿಡುವ ಸಾಧನ ಅಲ್ಲಿಯೇ ಇರುವಾಗ ಬಳಸದಿರುವುದೇಕೆ? ಎರಡನ್ನೂ ಕಲಿಯಲಿ.

ಲೇಕ್ ಫೋರ್ಕ್‌ನಲ್ಲಂತೂ ಅದಿಲ್ಲದೆ ನಡೆಯದು. 1980ರಲ್ಲಿ ಅಣೆಕಟ್ಟು ಮುಗಿದಾಗ ಅಲ್ಲಿನ ಮರಗಳನ್ನು ಮೀನಿನ ನೆಲೆಯಾಗಲೆಂದು ಬಹುಪಾಲು ಹಾಗೆಯೇ ಬಿಡಲಾಯಿತು. ಟೆಕ್ಸಾಸ್‌ನ ದಾಖಲೆಯ 18.18 ಪೌಂಡ್ ತೂಕದ ಲಾರ್ಜ್‌ಮೌತ್ ಬಾಸ್ 1992ರಲ್ಲಿ ಸಿಕ್ಕಿದ್ದೂ ಅಲ್ಲೇ. ಆದರೆ ಮೀನಿಗೆ ಮನೆಯಾದ ಆ ಮರಗಳ ಮೊಂಡು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಬೋಯ್‌ಗಳಿಂದ ಗುರುತಿಸಿದ ದೋಣಿದಾರಿಯಲ್ಲಿ ಮಾತ್ರ ಓಡಿಸಿ. ಅದನ್ನು ಬಿಟ್ಟ ಕೂಡಲೇ ವೇಗ ತಗ್ಗಿಸಿ, ಎಂಜಿನ್ ಎತ್ತಿ, ಟ್ರೋಲಿಂಗ್ ಮೋಟರ್‌ನಲ್ಲಿ ಸಾಗಿ. ನೀರು ಇಳಿದ ಕಾಲದಲ್ಲಿ ದಾರಿಯೊಳಗೂ ಎಚ್ಚರವಿರಲಿ.

ಓಡಿಸುವವರು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್‌ನ ಹಗ್ಗವನ್ನು ಲೈಫ್ ಜಾಕೆಟ್‌ಗೆ ಸಿಕ್ಕಿಸಿಕೊಳ್ಳದೆ ಓಡಿಸಬೇಡಿ. ಟೆಕ್ಸಾಸ್‌ನಲ್ಲಿ 2019ರಿಂದ, ಫೆಡರಲ್ ಕಾಯಿದೆಯಲ್ಲಿ 2021ರ ಏಪ್ರಿಲ್‌ನಿಂದ ಇದು ನಿಮ್ಮಂಥ ದೋಣಿಗಳಿಗೆ ಕಡ್ಡಾಯ. ಸಾಗುತ್ತಿರುವ ದೋಣಿಯಲ್ಲಿ 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ತೊಟ್ಟೇ ಇರಬೇಕು; ಮಗಳಿಗೆ ತೊಡಿಸಿ ನೀವು ಬಿಚ್ಚಿಟ್ಟರೆ ಅವಳು ನಂಬುವುದಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದ. ದೋಣಿಯನ್ನು ನೀರಿಗಿಳಿಸುವ ಇಳಿಜಾರಿನಲ್ಲಿ (ರ‍್ಯಾಂಪ್) ಟ್ರೇಲರನ್ನು ಹಿಂದಕ್ಕೆ ಇಳಿಸುವಾಗ ಅದು ಸದಾ ಉಲ್ಟಾ ತಿರುಗುತ್ತದೆ. ಅದಕ್ಕೇನಾದರೂ ಉಪಾಯವಿದೆಯೇ?

ಉತ್ತರ 2

ಸ್ಟಿಯರಿಂಗ್ ಚಕ್ರದ ಕೆಳತುದಿಯನ್ನು ಹಿಡಿದುಕೊಳ್ಳಿ. ಕೈ ಯಾವ ಕಡೆ ಹೋಗುತ್ತದೆಯೋ ಟ್ರೇಲರಿನ ಹಿಂಬದಿಯೂ ಅದೇ ಕಡೆ ಹೋಗುತ್ತದೆ. ದೋಣಿಯನ್ನು ಟ್ರೇಲರಿಗೆ ಬಿಗಿದ ಹಿಂಬದಿಯ ಪಟ್ಟಿಗಳನ್ನು ಮೇಲಿನ ಮೈದಾನದಲ್ಲೇ ಬಿಚ್ಚಿ, ಮೂತಿಯನ್ನು ಹಿಡಿದಿಡುವ ವಿಂಚ್ (ಹಗ್ಗ ಸುತ್ತುವ ರಾಟೆ) ಕೊಕ್ಕೆಯನ್ನು ಮಾತ್ರ ದೋಣಿ ನೀರು ಮುಟ್ಟುವವರೆಗೆ ಬಿಡಬೇಡಿ. ಸರೋವರ ಬಿಟ್ಟು ಹೊರಡುವಾಗ ದೋಣಿಯ ನೀರನ್ನೆಲ್ಲ ಬಸಿಯಬೇಕೆಂಬ ನಿಯಮ ಇಲ್ಲಿರುವುದರಿಂದ ಎಲ್ಲರೂ ತಳದ ಬಿರಡೆಯನ್ನು ತೆಗೆದೇ ಮನೆಗೆ ಬರುತ್ತಾರೆ. ಮತ್ತೆ ಇಳಿಸುವ ಮೊದಲು ಅದನ್ನು ತಿರುಗಿಸಿ ಬಿಗಿ ಮಾಡುವ ಕೆಲಸವನ್ನು ಮಗಳಿಗೇ ವಹಿಸಿಬಿಡಿ.