ಪದ ಬೇಕು (ಇವತ್ತೇ): ಸ್ಮಾಲ್ ಆಂಗಲ್ ಸ್ಕ್ಯಾಟರಿಂಗ್

ನಮಸ್ಕಾರ. ಲ್ಯಾಬಿನ ಓಪನ್ ಡೇ ಬೋರ್ಡು ಸಂಜೆಯೊಳಗೆ ಪ್ರಿಂಟಿಗೆ ಹೋಗ್ಬೇಕು. ಬ್ಲಾಕ್ ಕೋಪಾಲಿಮರ್ (ಬೇರೆ ಬೇರೆ ಬಗೆಯ ಪಾಲಿಮರ್ ಭಾಗಗಳು, ಅಂದ್ರೆ ಬ್ಲಾಕುಗಳು, ಒಂದೇ ಸರಪಳಿಯಲ್ಲಿ ಕೂಡಿಕೊಂಡಿರೋದು) ಒಳಗಿನ ನ್ಯಾನೋ ರಚನೇನ ಎಕ್ಸ್-ರೇ ಹಾಯಿಸಿ, ಅದು ಸಣ್ಣ ಕೋನದಲ್ಲಿ ಹೇಗೆ ಚದುರತ್ತೆ ಅಂತ ನೋಡಿ ಹೇಗೆ ತಿಳ್ಕೊತಾರೆ ಅನ್ನೋ ವಿಷಯ. "ಖಂಡ ಸಹಪಾಲಿಮರ್‌ಗಳ ಲಘುಕೋನ ಎಕ್ಸ್-ರೇ ಪ್ರಕೀರ್ಣನ" ಅಂತ ಹಾಕಿದೀನಿ. ಸರಿ ಇದೆಯಾ?

> ಲಘುಕೋನ ಎಕ್ಸ್-ರೇ ಪ್ರಕೀರ್ಣನ

ಪ್ರಕೀರ್ಣನ ಬೇಡವೇ ಬೇಡ. ಅದು ಹಿಂದಿ ಪಠ್ಯದ ಪದ. ಚದುರು ಅನ್ನೋ ಧಾತು ನಮ್ಮಲ್ಲೇ ಇದೆ, ಮೋಡ ಚದುರತ್ತೆ, ಗುಂಪು ಚದುರತ್ತೆ, ಆಕಾಶ ಯಾಕೆ ನೀಲಿ ಅನ್ನೋ ಪಾಠದಲ್ಲಿ ಮಕ್ಕಳು ಓದೋದೂ ಬೆಳಕಿನ ಚದುರುವಿಕೆ ಅಂತ್ಲೇ. ಚದುರಿಕೆ ಅನ್ನಿ, ಮುಗೀತು. ಎಕ್ಸ್-ರೇ ತೆಗೆದು ಕ್ಷ-ಕಿರಣ ಮಾಡಿ.

> ಚದುರಿಕೆ ಅನ್ನಿ, ಮುಗೀತು

ಮುಗೀಲಿಲ್ಲ ಸರ್. ಚದುರಿಕೆ ಒಪ್ದೆ, ಆದ್ರೆ ದೊಡ್ಡ ತಪ್ಪು ಲಘುಕೋನದಲ್ಲಿದೆ. ರೇಖಾಗಣಿತದಲ್ಲಿ 90 ಡಿಗ್ರಿಗಿಂತ ಕಮ್ಮಿ ಇರೋದೆಲ್ಲ ಲಘುಕೋನ, 85 ಕೂಡ. ಇಲ್ಲಿನ ಕೋನ ಎಷ್ಟು ಸಣ್ಣದು ನೋಡಿ. ಪಾಲಿಸ್ಟೈರೀನ್, ಪಾಲಿಐಸೊಪ್ರೀನ್ ಅನ್ನೋ ಎರಡು ಪಾಲಿಮರ್ ಒಂದಕ್ಕೊಂದು ಬೆರೆಯಲ್ಲ, ಆದ್ರೆ ಒಂದೇ ಸರಪಳಿಯಲ್ಲಿ ಕಟ್ಟಿರೋದ್ರಿಂದ ಬಿಟ್ಟು ದೂರ ಹೋಗೋಕೂ ಆಗಲ್ಲ, ಹಾಗಾಗಿ ಎರಡೂ ಸಮಸಮ ಇದ್ರೆ ಪದರ ಪದರವಾಗಿ ಕೂರ್ತವೆ, ಆ ಪದರ 30 ನ್ಯಾನೋಮೀಟರಿಗೊಂದ್ಸಲ ಮರುಕಳಿಸಿದ್ರೆ 0.154 ನ್ಯಾನೋಮೀಟರ್ ತರಂಗದ ಎಕ್ಸ್-ರೇಗೆ ಮೊದಲ ಶಿಖರ (ಚದುರಿದ ಕಿರಣ ಜೋರಾಗಿ ಕಾಣೋ ಜಾಗ) ಬರೋದು ಸುಮಾರು 0.3 ಡಿಗ್ರಿಯಲ್ಲಿ. ನೇರ ಕಿರಣದ ಮಗ್ಗುಲಲ್ಲೇ! ಅದಕ್ಕೇ ಡಿಟೆಕ್ಟರ್ ದೂರ ಇಟ್ಟು, ನೇರ ಬರೋದನ್ನ ತಡೆಯೋಕೆ ಅದರ ಮುಂದೆ ಪುಟ್ಟ ಲೋಹದ ಬಿಲ್ಲೆ ಇಡ್ತಾರೆ. ಕಿರುಕೋನ ಅನ್ನಿ ಮೇಡಂ.

ಬ್ಲಾಕ್ ಹಾಗೇ ಇರ್ಲಿ. ಖಂಡ ಅಂದ್ರೆ ಕಡಿದ ತುಂಡು, ಇಲ್ಲಿ ಕೂಡಿಕೊಂಡಿರೋದೇ ಮುಖ್ಯ. ಎಕ್ಸ್-ರೇನೂ ಇರ್ಲಿ, ಹಳ್ಳಿ ಆಸ್ಪತ್ರೆಯಲ್ಲೂ ಅದೇ ಮಾತು.

> ಎಕ್ಸ್-ರೇನೂ ಇರ್ಲಿ

ಹೀಗೆ ಒಂದೊಂದೇ ಬಿಟ್ಕೊಟ್ರೆ ಕೊನೆಗೆ ಕನ್ನಡದ್ದು ಅಂತ ಉಳಿಯೋದು ವಿಭಕ್ತಿ ಪ್ರತ್ಯಯ ಮಾತ್ರ. ನಾನು ಒಪ್ಪಲ್ಲ.

> ನಾನು ಒಪ್ಪಲ್ಲ

ಕ್ಷ-ಕಿರಣ ಯಾವ ಅಚ್ಚಗನ್ನಡ ಸರ್? ಕಿರಣ ಸಂಸ್ಕೃತದ್ದೇ. ಪ್ರಕೀರ್ಣನಕ್ಕೆ ಹಾಕಿದ ನಿಯಮ ಇದಕ್ಕೂ ಹಾಕಿ. ಬಳಕೆಯಲ್ಲಿರೋ ಪದ ಎಲ್ಲಿಂದ ಬಂದ್ರೂ ನಮ್ಮದೇ.

ಮೇಡಂ, ನೀವು "ಬ್ಲಾಕ್ ಕೋಪಾಲಿಮರ್‌ಗಳ ಕಿರುಕೋನ ಎಕ್ಸ್-ರೇ ಚದುರಿಕೆ" ಅಂತ ಕಳಿಸಿಬಿಡಿ. ಮುಂದೆ ಎಕ್ಸ್-ರೇ ಬದಲು ನ್ಯೂಟ್ರಾನ್ ಹಾಯಿಸೋದರ ಬಗ್ಗೆ ಬೋರ್ಡು ಮಾಡಿದ್ರೂ ಚದುರಿಕೆ ಹೊಂದತ್ತೆ. ಅಲ್ಲಿ ಒಂದು ಬ್ಲಾಕಿನ ಹೈಡ್ರೋಜನ್ ಜಾಗಕ್ಕೆ ಡ್ಯುಟೀರಿಯಂ (ಹೈಡ್ರೋಜನ್ನಿನದೇ ಭಾರದ ರೂಪ) ಹಾಕಿದ್ರೆ ಆ ಬ್ಲಾಕು ಬೇರೆಯಾಗಿ ಎದ್ದು ಕಾಣತ್ತೆ, ಅದನ್ನೂ ಒಂದು ಸಾಲು ಬರೀರಿ.